ಹೊನ್ನೆ ಎಣ್ಣೆ ಮತ್ತು ಹಿಂದಿರುಗಿದ ಗೋಡಂಬಿ

1979ರಲ್ಲಿ ನಾನು ಉಡುಪಿಯಲ್ಲಿ, ರಫ್ತಾಗುವ ಆಹಾರ ಪದಾರ್ಥಗಳ ಗುಣಮಟ್ಟ ಪರೀಕ್ಷಿಸುವ ಒಂದು ಸಣ್ಣ ಸರಕಾರಿ ಕಚೇರಿಯಲ್ಲಿ ಕಿರಿಯ ತಪಾಸಣಾಧಿಕಾರಿಯಾಗಿದ್ದೆ. ಕಚೇರಿಯೆಂದರೆ ಎರಡು ಕೋಣೆ, ಒಂದು ಸೂಕ್ಷ್ಮ ತಕ್ಕಡಿ, ತೇವಾಂಶ ಪರೀಕ್ಷಿಸುವ ಒಂದು ಉಪಕರಣ, ಮೂವರು ನೌಕರರು. ಕಾರ್ಕಳದಿಂದ ಕಾಪುವಿನವರೆಗಿನ ಗೇರುಬೀಜದ ಕಾರ್ಖಾನೆಗಳು ನನ್ನ ಪಾಲಿಗೆ ಬಂದಿದ್ದವು. ಗೋಡಂಬಿಯ ಪ್ರತಿಯೊಂದು ಲಾಟನ್ನೂ, ಅಂದರೆ ಒಂದೇ ಬಗೆಯ, ಒಂದೇ ಬಾರಿಗೆ ಡಬ್ಬಿ ತುಂಬಿದ ಸರಕನ್ನೂ, ಹಡಗು ಹತ್ತುವ ಮೊದಲು ನಾನು ನೋಡಬೇಕಿತ್ತು. ಲಾಟಿನಿಂದ ಕೆಲವು ಡಬ್ಬಿಗಳನ್ನು ಆರಿಸಿ ತೆರೆದು, ಪೌಂಡಿಗೆ ಎಷ್ಟು ತಿರುಳುಗಳು ಬರುತ್ತವೆ, ತುಂಡುಗಳು ಎಷ್ಟು, ತೇವ ಎಷ್ಟು, ಹುಳು ಉಂಟೇ ಎಂದು ಪರೀಕ್ಷಿಸಿ ನಮೂನೆ ತುಂಬಬೇಕು. ನಮೂನೆಯ ಕೊನೆಯ ಅಂಕಣ ‘ಅನ್ಯವಾಸನೆ’. ಅದರ ಎದುರು ‘ಇಲ್ಲ’ ಎಂದು ಬರೆದು ಸಹಿ ಹಾಕಿದರೆ ಸರಕು ಹೊರಡುತ್ತಿತ್ತು. ನಾನು ಹೇಳಹೊರಟಿರುವುದು ಅಂಥ ಒಂದು ‘ಇಲ್ಲ’ದ ಕಥೆ.

ನನ್ನ ವಾಸ ಪರ್ಕಳದ ಒಂದು ಬಾಡಿಗೆ ಕೋಣೆಯಲ್ಲಿ. ಕಾರ್ಕಳದ ಬಸ್ಸು ಅಲ್ಲಿಯೇ ನಿಲ್ಲುತ್ತಿದ್ದುದರಿಂದ ಅನುಕೂಲವಾಗಿತ್ತು. ಓದಿದ್ದು ರಸಾಯನಶಾಸ್ತ್ರವಾದರೂ ಕೆಲಸ ಸಿಕ್ಕಿದ ಮೇಲೆ ಅಂಚೆ ಶಿಕ್ಷಣದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿದ್ದೆ. ಭಾನುವಾರಗಳಂದು ಮಣಿಪಾಲದಲ್ಲಿ ನಾವು ಹತ್ತು ಹನ್ನೆರಡು ಮಂದಿ, ಹೆಚ್ಚಿನವರು ಅಧ್ಯಾಪಕರು ಮತ್ತು ಬ್ಯಾಂಕ್ ನೌಕರರು, ಒಂದು ಅಧ್ಯಯನ ಕೂಟ ನಡೆಸುತ್ತಿದ್ದೆವು. ಅಂತಾರಾಷ್ಟ್ರೀಯ ವ್ಯಾಪಾರದ ಸಿದ್ಧಾಂತಗಳನ್ನು ಕುರಿತು ಮಾತಾಡುವುದು ನನ್ನ ಪಾಳಿ. ತುಲನಾತ್ಮಕ ವೆಚ್ಚ ಸಿದ್ಧಾಂತವನ್ನು ನಾನು ಹೀಗೆ ವಿವರಿಸುತ್ತಿದ್ದೆ: ಕಾಪುವಿನ ಒಬ್ಬಾಕೆ ಬಲೆ ಹೆಣೆಯುವುದರಲ್ಲೂ ಚಾಪೆ ಹೆಣೆಯುವುದರಲ್ಲೂ ನೆರೆಮನೆಯವಳಿಗಿಂತ ಚುರುಕು. ಆದರೂ ಅವಳು ಬಲೆಯನ್ನಷ್ಟೇ ಹೆಣೆದು ಚಾಪೆಯನ್ನು ನೆರೆಮನೆಯವಳಿಂದ ಪಡೆದರೆ ಇಬ್ಬರಿಗೂ ಲಾಭ, ಯಾಕೆಂದರೆ ಬಲೆಯಲ್ಲಿ ಅವಳ ಮೇಲುಗೈ ಇನ್ನೂ ದೊಡ್ಡದು. ದೇಶಗಳ ನಡುವೆಯೂ ಹೀಗೆಯೇ ಎನ್ನುತ್ತದೆ ಸಿದ್ಧಾಂತ. ಯಾವ ದೇಶದಲ್ಲಿ ಯಾವುದು ಹೇರಳವೋ ಅದನ್ನು ಬಳಸುವ ಸರಕನ್ನು ಆ ದೇಶ ಮಾಡಿ ಮಾರಬೇಕು. ಭಾರತದಲ್ಲಿ ಹೇರಳವಾಗಿರುವುದು ಅಕುಶಲ ಶ್ರಮ ಎಂದು ನನ್ನ ಪಠ್ಯಪುಸ್ತಕದಲ್ಲಿತ್ತು. ನಾನೂ ಅದನ್ನು ಹಾಗೆಯೇ ಒಪ್ಪಿಸುತ್ತಿದ್ದೆ. ಅದು ನನ್ನ ಮೊದಲನೆಯ ತಪ್ಪು.

ಗೇರುಬೀಜ ಈ ಪಾಠಕ್ಕೆ ಹೇಳಿ ಮಾಡಿಸಿದ ಉದಾಹರಣೆಯಾಗಿತ್ತು. ಬೀಜ ಬೆಳೆಯುತ್ತಿದ್ದುದು ಪೂರ್ವ ಆಫ್ರಿಕಾದಲ್ಲಿ, ಅದನ್ನು ಹುರಿದು ಒಡೆಯುತ್ತಿದ್ದುದು ಕಾರ್ಕಳದಲ್ಲಿ, ತಿನ್ನುತ್ತಿದ್ದುದು ಅಮೆರಿಕಾ ಯುರೋಪುಗಳಲ್ಲಿ. ಎಪ್ಪತ್ತರ ದಶಕದ ನಡುವಿನಿಂದ ಈ ಸರಪಳಿ ಸಡಿಲವಾಗತೊಡಗಿತು. ಹೊಸದಾಗಿ ತಮ್ಮ ಕಾಲ ಮೇಲೆ ನಿಲ್ಲುತ್ತಿದ್ದ ಆಫ್ರಿಕಾದ ದೇಶಗಳು, ‘ನಮ್ಮ ಬೀಜವನ್ನು ನಾವೇ ಯಾಕೆ ಒಡೆಯಬಾರದು?’ ಎಂದು ಕೇಳಿ ಯಂತ್ರಗಳ ಕಾರ್ಖಾನೆ ಹೂಡಿದವು. ಎಳೆಯ ಕೈಗಾರಿಕೆಗೆ ಸ್ವಲ್ಪ ಕಾಲ ರಕ್ಷಣೆ ಕೊಟ್ಟು ಬೆಳೆಸಬೇಕೆನ್ನುವ ಈ ವಾದವನ್ನು ಶೈಶವ ಕೈಗಾರಿಕೆಯ ವಾದ ಎನ್ನುತ್ತಾರೆ. ವಸಾಹತು ಆಳ್ವಿಕೆ ಅವರಿಗೆ ಮಾಡಿದ ಅನ್ಯಾಯಕ್ಕೆ ಇದು ತಕ್ಕ ಉತ್ತರವೆಂದು ನಾನು ಮಣಿಪಾಲದ ಕೂಟದಲ್ಲಿ ಎದೆಯುಬ್ಬಿಸಿ ಹೇಳಿದೆ. ಇಂದೂ ಹಾಗೆಯೇ ನಂಬುತ್ತೇನೆ. ಆದರೆ ಅಲ್ಲಿಂದ ಬಾರದೆ ಉಳಿದ ಬೀಜ ಇಲ್ಲಿ ಯಾರ ಕೈಯಿಂದ ಜಾರಿತು ಎಂದು ನಾನು ನೋಡಿರಲಿಲ್ಲ.

ಅದನ್ನು ನನಗೆ ತೋರಿಸಿದವರು ಗಿರಿಜಾ ಪೂಜಾರ್ತಿ. ಕಾರ್ಕಳದ ಹೊರವಲಯದಲ್ಲಿದ್ದ, ನಾಯಕ್ ಎಂಬವರು ನಡೆಸುತ್ತಿದ್ದ ಕಾರ್ಖಾನೆಯಲ್ಲಿ ಅವರಿಗೆ ಇಪ್ಪತ್ತೆರಡು ವರ್ಷಗಳ ಅನುಭವ. ಎಲ್ಲರಿಗೂ ಅವರು ಗಿರಿಜಕ್ಕ. ಅವರದು ಕಟಿಂಗ್ ಸೆಕ್ಷನ್, ಅಂದರೆ ಹುರಿದ ಬೀಜದ ಚಿಪ್ಪನ್ನು ಒಡೆದು ತಿರುಳು ತೆಗೆಯುವ ವಿಭಾಗ. ಚಿಪ್ಪಿನಲ್ಲಿರುವ ಸೊನೆ ಚರ್ಮವನ್ನು ಸುಡುತ್ತದೆ. ಇಪ್ಪತ್ತೆರಡು ವರ್ಷಗಳ ಸೊನೆಯಿಂದ ಗಿರಿಜಕ್ಕನ ಬೆರಳುಗಳು ಇದ್ದಿಲಿನ ಬಣ್ಣಕ್ಕೆ ತಿರುಗಿದ್ದವು. ಹೀಗೆ ತೆಗೆದ ತಿರುಳಿನ ಮೇಲೆ ಕೆಂಪು ಪೊರೆ ಇರುತ್ತದೆ. ಬಿಸಿಯಲ್ಲಿ ಒಣಗಿಸಿ ಆ ಪೊರೆಯನ್ನು ಸುಲಿಯುವುದು ಇನ್ನೊಂದು ವಿಭಾಗ, ಪೀಲಿಂಗ್ ಸೆಕ್ಷನ್. ಅಲ್ಲಿನ ಹೆಂಗಸರ ಕೈಗಳು ಸ್ವಚ್ಛವಾಗಿರುತ್ತಿದ್ದವು.

ಆ ವರ್ಷದ ಏಪ್ರಿಲಿನಲ್ಲಿ ನಾನು ಹೋದಾಗ ಪೀಲಿಂಗ್ ಸೆಕ್ಷನ್ನಿನ ಬೆಂಚುಗಳು ಅರ್ಧಕ್ಕರ್ಧ ಖಾಲಿಯಿದ್ದವು. ಕೇಳಿದರೆ, ಬೀಜ ಸಾಲದೆಂದು ನಲವತ್ತು ಹೆಂಗಸರಿಗೆ ‘ನಾಳೆಯಿಂದ ಬರುವುದು ಬೇಡ’ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದರು. ಲಿಖಿತ ಸೂಚನೆ ಇರಲಿಲ್ಲ. ಕಟಿಂಗಿನ ಹೆಂಗಸರೇ ಬೆಳಗ್ಗೆ ಬೀಜ ಒಡೆದು ಮಧ್ಯಾಹ್ನದ ಮೇಲೆ ಪೊರೆ ಸುಲಿಯಬೇಕು ಎಂದಾಗಿತ್ತು. ಇದು ಕಾನೂನಿಗೆ ವಿರುದ್ಧ, ಕಾರ್ಮಿಕರಿಗೆ ಮಾಡಿದ ದ್ರೋಹ ಎಂದು ನಾನು ಗಿರಿಜಕ್ಕನಿಗೆ ಹೇಳಿದೆ. ಆಫ್ರಿಕಾದಲ್ಲಿ ಏನಾಗುತ್ತಿದೆ ಎಂಬುದನ್ನೂ ವಿವರಿಸಿದೆ.

ಗಿರಿಜಕ್ಕ ಬೀಜ ಒಡೆಯುತ್ತಲೇ ಕೇಳಿಸಿಕೊಂಡರು. “ಒಳ್ಳೆಯದಾಯ್ತು ಬಿಡಿ. ಅಲ್ಲಿಯ ಹೆಂಗಸರಿಗೂ ಹೊಟ್ಟೆ ಉಂಟಲ್ವಾ? ಆದರೆ ಮೇಡಂ, ನಮ್ಮ ಹೊಟ್ಟೆಯನ್ನು ಎಲ್ಲಿ ಇಡುವುದು ಅಂತ ನಿಮ್ಮ ಪುಸ್ತಕದಲ್ಲಿ ಎಂತಾದ್ರೂ ಬರೆದಿದ್ದಾರಾ?”

ಒಂದು ಉದ್ಯೋಗದಿಂದ ಬಿಡುಗಡೆಯಾದ ಶ್ರಮ ಮತ್ತೊಂದು ಉದ್ಯೋಗಕ್ಕೆ ಸರಿಯುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತು. ಆ ನಲವತ್ತು ಮಂದಿ ಸರಿದದ್ದು ಬೀಡಿ ಕಟ್ಟುವುದಕ್ಕೆ. ಅಲ್ಲಿಯೂ ಎಲ್ಲರಿಗೂ ಎಲೆ ಸಿಗಲಿಲ್ಲ. ನಾನು ಡಬ್ಬಿಗಳ ಕಡೆಗೆ ನಡೆದೆ.

ಸೆಪ್ಟೆಂಬರಿನ ಎರಡನೆಯ ವಾರ ನಮ್ಮ ಕಚೇರಿಗೆ ಒಂದು ಪತ್ರ ಬಂತು. ನಾಯಕರ ಕಾರ್ಖಾನೆಯಿಂದ ಮೇ ತಿಂಗಳಲ್ಲಿ ಹೊರಟ ನಾನೂರು ಡಬ್ಬಿಗಳ ಒಂದು ಲಾಟನ್ನು ವಿದೇಶದ ಕೊಳ್ಳುಗ ತಿರಸ್ಕರಿಸಿದ್ದ. ಕಾರಣ, ಅನ್ಯವಾಸನೆ. ಎಂಥ ವಾಸನೆಯೆಂದು ಹೇಳಿರಲಿಲ್ಲ. ‘ಅಹಿತಕರ’ ಎಂಬುದೊಂದೇ ಪದ. ಸಾಕ್ಷ್ಯಕ್ಕೆಂದು ನಾಲ್ಕು ಡಬ್ಬಿಗಳನ್ನು ವಾಪಸು ಕಳಿಸಿದ್ದ. ಪ್ರಮಾಣಪತ್ರದ ಮೇಲೆ ಸಹಿ ನನ್ನದು.

ಮೇಲಧಿಕಾರಿಗಳು ನನ್ನನ್ನೇ ತನಿಖೆಗೆ ನೇಮಿಸಿದರು. ತಾನು ಪಾಸು ಮಾಡಿದ ಸರಕನ್ನು ತಾನೇ ತನಿಖೆ ಮಾಡುವುದು ಸರಿಯಲ್ಲ. ಆ ಮಾತನ್ನು ನಾನು ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ನಿಯಮ ಹೀಗಿತ್ತು: ದೋಷ ಕಾರ್ಖಾನೆಯ ಕಾರ್ಯವಿಧಾನದಲ್ಲಿದ್ದರೆ ಅದರ ರಫ್ತು ಅನುಮತಿ ಅಮಾನತು. ಒಬ್ಬಿಬ್ಬರು ಕೆಲಸಗಾರರ ನಿರ್ಲಕ್ಷ್ಯದಿಂದ ಆದದ್ದಾದರೆ ಅವರ ಮೇಲೆ ಕ್ರಮ, ಕಾರ್ಖಾನೆಗೆ ಎಚ್ಚರಿಕೆ ಮಾತ್ರ. ವರದಿಗೆ ಇಪ್ಪತ್ತೊಂದು ದಿನ. ಆಗ ಅಲ್ಲಿ ಕೆಲಸದಲ್ಲಿದ್ದ ಹೆಂಗಸರ ಸಂಖ್ಯೆ ನೂರ ಇಪ್ಪತ್ತನಾಲ್ಕು.

ಹಿಂದಿರುಗಿದ ಡಬ್ಬಿಯೊಂದನ್ನು ಕಚೇರಿಯಲ್ಲಿ ತೆರೆದು ಮೂಸಿ ನೋಡಿದೆ. ಏನೂ ಇಲ್ಲ. ತಿಂದು ನೋಡಿದೆ. ಒಳ್ಳೆಯ ಗೋಡಂಬಿ. ತೇವ ಸರಿ, ಬಣ್ಣ ಸರಿ. ಡಬ್ಬಿಯ ಬೆಸುಗೆ, ಹಡಗಿನಲ್ಲಿ ಪಕ್ಕದಲ್ಲಿದ್ದಿರಬಹುದಾದ ಸರಕು, ಎಲ್ಲವನ್ನೂ ಸಂಶಯಿಸಿದೆ. ಬೆಲೆ ಇಳಿದಾಗ ಕೊಳ್ಳುಗರು ನೆಪ ಹುಡುಕುವುದೂ ಉಂಟು. ಬಡ ದೇಶದ ಸರಕಿಗೆ ಕುಂಟು ನೆಪ ಹೇಳುವ ಶ್ರೀಮಂತ ಮಾರುಕಟ್ಟೆಯ ವಿರುದ್ಧ ಒಂದು ಖಾರವಾದ ವರದಿಯನ್ನು ಮನಸ್ಸಿನಲ್ಲೇ ಬರೆಯತೊಡಗಿದ್ದೆ. ಐದನೆಯ ದಿನ ಉಳಿದ ಡಬ್ಬಿಗಳಲ್ಲಿ ಒಂದನ್ನು ಹಿಡಿದುಕೊಂಡು ಕಾರ್ಕಳಕ್ಕೆ ಹೋದೆ.

ಮಧ್ಯಾಹ್ನ ಊಟದ ಹೊತ್ತು. ಹೆಂಗಸರು ಕಟಿಂಗ್ ಶೆಡ್ಡಿನ ಹಿಂದೆ ಬುತ್ತಿ ಬಿಚ್ಚಿ ಕುಳಿತಿದ್ದರು. ಗಿರಿಜಕ್ಕನ ಮುಂದೆ ಡಬ್ಬಿ ಇಟ್ಟೆ. ಅವರು ಒಂದು ಹಿಡಿ ತಿರುಳು ತೆಗೆದು ಮೂಸಿದರು, ತಲೆಯಾಡಿಸಿದರು.

“ಹಸಿಯದ್ದರಲ್ಲಿ ಎಂತ ಗೊತ್ತಾಗ್ತದೆ? ಆ ದೊರೆಗಳು ಹಸಿ ತಿನ್ನುತ್ತಾರಾ?”

“ಇಲ್ಲ, ಹುರಿದು ಉಪ್ಪು ಹಾಕಿ ತಿನ್ನುತ್ತಾರೆ,” ಎಂದೆ.

“ಹಾಗಾದ್ರೆ ನೀವು ಎಂತ ಹಸಿ ಮೂಸಿಕೊಂಡು ಕೂತದ್ದು ಮಾರಾಯ್ರೆ?” ಎಂದು ಪಕ್ಕದಲ್ಲಿದ್ದಾಕೆ ನಕ್ಕಳು. ಉಳಿದವರೂ ನಕ್ಕರು.

ಗಂಜಿ ಬಿಸಿ ಮಾಡಲೆಂದು ಮೂರು ಕಲ್ಲಿನ ಒಲೆಯೊಂದು ಅಲ್ಲಿತ್ತು. ಗಿರಿಜಕ್ಕ ಮಣ್ಣಿನ ಓಡನ್ನು ಅದರ ಮೇಲಿಟ್ಟು ಒಂದು ಹಿಡಿ ತಿರುಳನ್ನು ಸುರಿದರು. ಗೋಡಂಬಿ ಹೊಂಬಣ್ಣಕ್ಕೆ ತಿರುಗುತ್ತಿದ್ದಂತೆ ಅದರ ಪರಿಮಳದ ಅಡಿಯಿಂದ ಮತ್ತೊಂದು ವಾಸನೆ ಎದ್ದಿತು. ಕಹಿಯಾದ, ಕಮಟಾದ, ಹಳೆಯ ದೀಪದ ಬತ್ತಿ ಉರಿದಂಥ ವಾಸನೆ. ನಗು ನಿಂತಿತು. ಹೆಂಗಸರು ಒಬ್ಬರ ಮುಖವನ್ನು ಒಬ್ಬರು ನೋಡಿಕೊಂಡರು.

ಗಿರಿಜಕ್ಕ ಓಡನ್ನು ಇಳಿಸಿದರು. “ಹೊನ್ನೆ ಎಣ್ಣೆ. ಇದು ನಮ್ಮ ಕೈಯ ವಾಸನೆ ಮೇಡಂ.”

ಹೊನ್ನೆ ಕರಾವಳಿಯ ಮರ. ಅದರ ಕಾಯಿಯ ಎಣ್ಣೆಯನ್ನು ಹಿಂದೆ ದೀಪಕ್ಕೆ ಉರಿಸುತ್ತಿದ್ದರು. ಹುಣ್ಣಿಗೂ ಹಚ್ಚುತ್ತಾರೆ. ಕಟಿಂಗಿನ ಹೆಂಗಸರಿಗೆ ಸೊನೆಯಿಂದ ರಕ್ಷಣೆಗೆಂದು ಕಾರ್ಖಾನೆ ಹರಳೆಣ್ಣೆ ಕೊಡುವುದು ರೂಢಿ. ಬೆಳಗ್ಗೆ ತೆಂಗಿನ ಕರಟದಲ್ಲಿ ಒಬ್ಬೊಬ್ಬರಿಗೆ ಇಷ್ಟೆಂದು ಹೊಯ್ಯುತ್ತಿದ್ದರು. ಫೆಬ್ರವರಿಯಲ್ಲಿ ಬೀಜ ಕಡಿಮೆಯಾದಾಗ ಖರ್ಚು ತಗ್ಗಿಸಲು ಅದನ್ನು ನಿಲ್ಲಿಸಿದರು. ಕೈಗಳಲ್ಲಿ ಹುಣ್ಣು ಎದ್ದವು. ಗಿರಿಜಕ್ಕ ಮನೆಯಿಂದ ಒಂದು ಸೀಸೆ ಹೊನ್ನೆ ಎಣ್ಣೆ ತಂದು ತಾವೂ ಹಚ್ಚಿಕೊಂಡು ಉಳಿದವರಿಗೂ ಕೊಟ್ಟರು. ಒಡೆಯುವಾಗ ತಿರುಳಿನ ಮೇಲೆ ಪೊರೆ ಇರುವುದರಿಂದ ಕೈಯ ಎಣ್ಣೆ ಪೊರೆಯ ಜತೆ ಹೋಗಿಬಿಡುತ್ತದೆ. ಹಿಂದಿನ ಹಾಗೆ ಬೇರೆ ಹೆಂಗಸರು ಪೊರೆ ಸುಲಿದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಏಪ್ರಿಲಿನಿಂದ ಅದೇ ಕೈಗಳು ಮಧ್ಯಾಹ್ನ ಬರಿ ತಿರುಳನ್ನು ಮುಟ್ಟುತ್ತಿದ್ದವು. ಹಸಿಯಾಗಿದ್ದಾಗ ಸುಮ್ಮನಿದ್ದ ವಾಸನೆ, ಸಾವಿರಾರು ಮೈಲಿ ಆಚೆ ಹುರಿಯುವವನ ಬಾಣಲೆಯಲ್ಲಿ ಎದ್ದಿತ್ತು.

ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ನಾಚಿಕೆಯಾಯಿತು. ಆಫ್ರಿಕಾದ ಒಂದು ಸರಕಾರದ ತೀರ್ಮಾನ ಹೇಗೆ ಕಾರ್ಕಳದ ಒಂದು ಹುಣ್ಣಾಗಿ, ಆ ಹುಣ್ಣು ಹೇಗೆ ವಿದೇಶಿ ವಿನಿಮಯದ ನಷ್ಟವಾಗಿ ಹೊರಳಿತು ಎಂಬುದು ಯಾವ ಉಪನ್ಯಾಸಕ್ಕಿಂತಲೂ ಸ್ಪಷ್ಟವಾಗಿ ಕಂಡಿತು. ಮೇ ತಿಂಗಳಲ್ಲಿ ನಾನು ಅದೇ ಶೆಡ್ಡಿನಲ್ಲಿ ನಿಂತಿದ್ದೆ. ಆ ಕಮಟು ವಾಸನೆ ಆಗಲೂ ನನ್ನ ಮೂಗಿಗೆ ಬಂದಿತ್ತು. ಅದು ಹೆಂಗಸರ ವಾಸನೆ, ಸರಕಿನದಲ್ಲ ಎಂದುಕೊಂಡಿದ್ದೆ.

ಮರುದಿನ ನಾಯಕರು ತಮ್ಮ ಕೋಣೆಗೆ ಕರೆದರು. ವಿಷಯ ಆಗಲೇ ಅವರ ಕಿವಿಗೆ ಬಿದ್ದಿತ್ತು. ಅವರು ದುಷ್ಟರಲ್ಲ. ಸರಕಾರದ ಮೂಲಕ ಹಂಚಿಕೆಯಾಗುತ್ತಿದ್ದ ಆಮದು ಬೀಜಕ್ಕಾಗಿ ತಿಂಗಳುಗಟ್ಟಲೆ ಅಲೆದು ಸೋತವರು. ಗಿರಿಜಕ್ಕನನ್ನೂ ಕರೆಸಿ ಬಾಗಿಲ ಬಳಿ ನಿಲ್ಲಿಸಿದ್ದರು. ಅವರನ್ನು ಯಾರೂ, ನಾನೂ ಕೂಡ, ಕುಳಿತುಕೊಳ್ಳಿ ಎನ್ನಲಿಲ್ಲ. ಅದೂ ಒಂದು ತಪ್ಪೆಂದು ನಾನು ಇಲ್ಲಿ ಬರೆಯುತ್ತೇನೆ.

“ಮೇಡಂ, ಸುಲಭ ಉಂಟು,” ಎಂದರು ನಾಯಕರು. “ಕೆಲಸದವಳು ಹೇಳದೆ ಕೇಳದೆ ಹೊರಗಿನ ಎಣ್ಣೆ ತಂದಳು. ನಿರ್ಲಕ್ಷ್ಯ. ಅಷ್ಟು ಬರೆದರೆ ಫ್ಯಾಕ್ಟರಿ ಉಳಿಯುತ್ತದೆ. ಇಲ್ಲದಿದ್ದರೆ ಬೀಗ. ನಿಮಗೆ ಬಡವರ ಮೇಲೆ ಪ್ರೀತಿ ಅಲ್ವಾ? ನೂರ ಇಪ್ಪತ್ತನಾಲ್ಕು ಜನ ಬಡವರೇ ಅಲ್ವಾ?”

ಅವರ ಮಾತಿನಲ್ಲಿ ವ್ಯಂಗ್ಯವಿದ್ದರೂ ಲೆಕ್ಕ ತಪ್ಪಿರಲಿಲ್ಲ. ನಿಜ ಬರೆದರೆ ಅಮಾನತು, ಎಲ್ಲರ ಕೆಲಸವೂ ಹೋಗುತ್ತದೆ. ಸುಳ್ಳು ಬರೆದರೆ ಗಿರಿಜಕ್ಕನೊಬ್ಬರದು. ನಿರ್ಲಕ್ಷ್ಯವೆಂದು ಬರೆದು ಹೊರಹಾಕಿದ ಹೆಂಗಸನ್ನು ಕಾರ್ಕಳದಿಂದ ಕಾಪುವಿನವರೆಗೆ ಯಾವ ಕಾರ್ಖಾನೆಯೂ ಸೇರಿಸಿಕೊಳ್ಳುತ್ತಿರಲಿಲ್ಲ. ಅವರ ಆ ಕರಿಬೆರಳುಗಳಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಗಿರಿಜಕ್ಕ ಬಾಗಿಲಿನಿಂದಲೇ ಮಾತಾಡಿದರು. “ಬರೀರಿ ಮೇಡಂ. ಎಣ್ಣೆ ತಂದದ್ದು ನಾನೇ. ಆದರೆ ಯಾಕೆ ತಂದದ್ದು ಅಂತ ಅದರ ಕೆಳಗೆ ಬರೀಬೇಕು. ಅರ್ಧ ಬರೆಯುವುದಾದ್ರೆ ನನ್ನ ಹೆಸರು ಬೇಡ.”

“ಯಾಕೆ ಅಂತ ಬರೆದರೆ ನನ್ನ ಕಥೆ ಮುಗಿಯಿತು,” ಎಂದರು ನಾಯಕರು.

“ನಿಮ್ಮ ಕಥೆ ಮುಗಿದರೆ ನಮ್ಮದ್ದೂ ಮುಗಿಯಿತಲ್ಲ ಧಣಿ. ಅದಕ್ಕೇ ಹೇಳುದು, ಸರಿ ಮಾಡುವ ಅಂತ.”

‘ಸರಿ ಮಾಡುವ’ ಎಂಬ ಆ ಮಾತು ನನ್ನನ್ನು ಎಚ್ಚರಿಸಿತು. ಕಚೇರಿಗೆ ಹೋಗಿ ನಿಯಮಾವಳಿಯನ್ನು ಮತ್ತೆ ಓದಿದೆ. ಅಮಾನತಿನ ಕಲಮಿನ ಕೆಳಗೆ ಒಂದು ಉಪಕಲಮು ಇತ್ತು. ಕಾರ್ಯವಿಧಾನದ ದೋಷವನ್ನು ತನಿಖೆಯ ಅವಧಿಯೊಳಗೇ ಗುರುತಿಸಿ, ಪ್ರಯೋಗದಿಂದ ಸಾಬೀತುಪಡಿಸಿ, ತಿದ್ದಿದ್ದಾಗಿ ತೋರಿಸಿದರೆ ಷರತ್ತಿನ ಮೇಲೆ ಅನುಮತಿ ಮುಂದುವರಿಸಬಹುದು. ನನಗೆ ತಿಳಿದಮಟ್ಟಿಗೆ ಅದನ್ನು ಅಲ್ಲಿಯವರೆಗೆ ಯಾರೂ ಬಳಸಿರಲಿಲ್ಲ. ಉಳಿದದ್ದು ಹದಿನೈದು ದಿನ.

ನಾಯಕರು ಪ್ರಯೋಗಕ್ಕೆ ಒಪ್ಪಿದರು, ಒಪ್ಪದೆ ದಾರಿಯಿರಲಿಲ್ಲ. “ಹೆಂಗಸರು ಹುರಿದು ತೋರಿಸುವುದು, ನೀವು ಅದಕ್ಕೆ ಸಹಿ ಹಾಕುವುದು. ಇದು ಲ್ಯಾಬೋ, ಮದುವೆ ಅಡುಗೆಯೋ?” ಎಂದು ಗೊಣಗಿದರು.

ಪ್ರಯೋಗವನ್ನು ಹೆಂಗಸರೇ ರೂಪಿಸಿದರು, ನಾನು ಅದಕ್ಕೆ ಕ್ರಮ ಕೊಟ್ಟೆ. ನಾಲ್ಕು ಪಾಲು ತಿರುಳು. ಒಂದನ್ನು ಏನೂ ಹಚ್ಚದ ಕೈಗಳು ಸುಲಿದವು, ಒಂದನ್ನು ಹರಳೆಣ್ಣೆಯ ಕೈಗಳು, ಮೂರನೆಯದನ್ನು ಹೊನ್ನೆ ಎಣ್ಣೆಯ ಕೈಗಳು. ನಾಲ್ಕನೆಯದನ್ನು, ಹೊನ್ನೆ ಎಣ್ಣೆ ಹಚ್ಚಿ ಬಳಿಕ ಅಂಟುವಾಳದಲ್ಲಿ ಚೆನ್ನಾಗಿ ತೊಳೆದ ಕೈಗಳು. ಪ್ರತಿಯೊಂದಕ್ಕೂ ಗುಟ್ಟಿನ ಸಂಖ್ಯೆ ಕೊಟ್ಟು ಬೇರೆ ಬೇರೆ ಓಡಿನಲ್ಲಿ ಹುರಿಸಿದೆ. ಮೂಸುವವರು ನಾಯಕರು, ಅವರ ಗುಮಾಸ್ತ, ಮತ್ತು ನಮ್ಮ ಕಚೇರಿಯ ಹಿರಿಯ ಸಹಾಯಕ. ಮೂವರಿಗೂ ಯಾವ ಓಡಿನಲ್ಲಿ ಯಾವುದೆಂದು ಗೊತ್ತಿರಲಿಲ್ಲ.

ಬರಿಗೈಯ ಮತ್ತು ಹರಳೆಣ್ಣೆಯ ಓಡುಗಳಲ್ಲಿ ಯಾರಿಗೂ ಏನೂ ಸಿಗಲಿಲ್ಲ. ಹೊನ್ನೆ ಎಣ್ಣೆಯ ಓಡಿಗೆ ಬಂದಾಗ ನಾಯಕರು ಮುಖ ತಿರುಗಿಸಿದರು. ಅದು ನಿರೀಕ್ಷಿತವೇ. ತೊಳೆದ ಕೈಗಳು ಸುಲಿದ ಪಾಲಿನ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು.

“ಇದರಲ್ಲೂ ಉಂಟು,” ಎಂದರು. “ಸ್ವಲ್ಪ. ಆದರೆ ಉಂಟು.”

ಆ ಉತ್ತರ ಅವರಿಗೇ ದುಬಾರಿಯಾಗುವಂಥದು. ತೊಳೆದರೆ ಸಾಕು ಎಂದಾಗಿದ್ದರೆ ಒಂದು ತೊಟ್ಟಿ ಕಟ್ಟಿಸಿ ಮುಗಿಸಬಹುದಿತ್ತು. ಸೊನೆಯಿಂದ ಬಿರಿದ ಚರ್ಮದೊಳಗೆ ಇಳಿದ ಎಣ್ಣೆ ತೊಳೆದರೂ, ಮೇಲೆ ಮತ್ತೆ ಹರಳೆಣ್ಣೆ ಹಚ್ಚಿದರೂ ಹೋಗುವುದಿಲ್ಲ. ಒಡೆಯುವ ಕೈಯೂ ಸುಲಿಯುವ ಕೈಯೂ ಬೇರೆಯಾಗಲೇಬೇಕು, ಅಂದರೆ ಮನೆಗೆ ಕಳಿಸಿದ ನಲವತ್ತು ಹೆಂಗಸರನ್ನು ಮತ್ತೆ ಕರೆಯಬೇಕು. ಅಷ್ಟು ಮಂದವಾದ ವಾಸನೆಯನ್ನು ಇಲ್ಲವೆನ್ನುವ ಅವಕಾಶವಿದ್ದಾಗಲೂ ನಿಜ ಹೇಳಿದ ನಾಯಕರ ಬಗ್ಗೆ ನನಗೆ ಅಂದು ಹುಟ್ಟಿದ ಗೌರವ ಇಂದಿಗೂ ಉಳಿದಿದೆ.

“ನಲವತ್ತು ಜನರನ್ನು ಕರೆಯುವ. ಕೆಲಸ ಎಲ್ಲಿಂದ ತರುವುದು? ಬೀಜ ಎಲ್ಲಿ ಉಂಟು?” ಎಂದು ಅವರು ಕೇಳಿದರು.

“ಕಾಪುವಿನಲ್ಲಿ ಉಂಟು ಧಣಿ,” ಎಂದರು ಗಿರಿಜಕ್ಕ. “ನಮ್ಮ ಪಾದೆಕಲ್ಲಿನ ಗುಡ್ಡೆಯಲ್ಲಿ ಗೇರುಮರದಡಿ ಹೆಕ್ಕಿದ್ದನ್ನೆಲ್ಲ ನಾವು ಕಾಪುವಿನ ಮೊಯ್ದಿನಬ್ಬ ಬ್ಯಾರಿಗಳ ಜನಕ್ಕೆ ಕೊಡುವುದು. ಅವರ ಗೋದಾಮು ತುಂಬ ಉಂಟು.”

ಊರಿನ ಬೀಜವನ್ನು ನಾಯಕರು ಕೊಳ್ಳುತ್ತಿರಲಿಲ್ಲ. ಒಂದು ದೊಡ್ಡದು, ಒಂದು ಚಿಕ್ಕದು. ಒಟ್ಟಿಗೆ ಹುರಿದರೆ ಚಿಕ್ಕದು ಕರಟಿ ದೊಡ್ಡದು ಹಸಿಯಾಗಿ ಉಳಿಯುತ್ತದೆ ಎಂಬುದು ಅವರ ತಕರಾರು. “ಹುರಿಯುವ ಮೊದಲು ಜರಡಿ ಹಿಡಿದು ಮೂರು ಪಾಲು ಮಾಡಿದರಾಯ್ತು. ಮನೆಯಲ್ಲಿ ಹುರಿಯುವಾಗ ನಾವು ಹಾಗೇ ಅಲ್ವಾ ಮಾಡುವುದು?” ಎಂದರು ಗಿರಿಜಕ್ಕ. ಇಪ್ಪತ್ತೆರಡು ವರ್ಷಗಳಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಅಕುಶಲ’ ಎಂದು ಬರೆದಿತ್ತು.

ಶನಿವಾರ ನಾಯಕರೂ ನಾನೂ ಕಾಪುವಿಗೆ ಹೋದೆವು. ಇದು ತಪಾಸಣಾಧಿಕಾರಿಯ ಕೆಲಸವಲ್ಲ ಎಂಬುದು ನನಗೆ ಗೊತ್ತಿತ್ತು. ಮೊಯ್ದಿನಬ್ಬನವರು ಐವತ್ತರ ಆಸುಪಾಸಿನ ವ್ಯಾಪಾರಿ, ದುಬೈಯಲ್ಲಿ ತಮ್ಮನಿದ್ದ. ಮಳೆಗಾಲ ಕಳೆದು ಕೇರಳಕ್ಕೆ ಕಳಿಸಲೆಂದು ಗೋಣಿಗಳನ್ನು ಒಟ್ಟಿಕೊಂಡಿದ್ದರು. ನಾಯಕರನ್ನು ಕಂಡು ಎದ್ದು ನಿಂತು, ಕುರ್ಚಿ ಒರೆಸಿ, ಚಹಾ ತರಿಸಿ, ಬಳಿಕ ಚುಚ್ಚಿದರು.

“ಇಷ್ಟು ವರ್ಷ ಕಾಪು ಎಲ್ಲಿ ಉಂಟು ಅಂತ ನಾಯಕ್ರಿಗೆ ಗೊತ್ತಿರಲಿಲ್ಲ. ಆಫ್ರಿಕಾದ ದಾರಿ ಗೊತ್ತಿತ್ತು. ಹಡಗಲ್ಲಿ ಬಂದ ಬೀಜಕ್ಕೆ ಮರ್ಯಾದೆ. ಲಾರಿ ಹತ್ತಿ ಕಟಪಾಡಿ ದಾಟಿ ಬರುವ ಬೀಜಕ್ಕೆ ಎಂತ ಮರ್ಯಾದೆ, ಅಲ್ವಾ ಮೇಡಂ?”

“ಸಾಕು ಮಾರಾಯ್ರೆ, ಬೈದದ್ದು,” ಎಂದರು ನಾಯಕರು. “ಹತ್ತು ಗೋಣಿ ಕೊಡಿ, ನೋಡುವ. ಸರಿ ಬಂದರೆ ಉಳಿದದ್ದೂ ನನಗೇ.”

“ಸರಿ ಬರ್ತದೆ. ಬೀಜಕ್ಕೆ ಒಡೆಯುವವರ ಕೈ ಮುಖ್ಯ. ನಿಮ್ಮಲ್ಲಿ ಕೈ ಉಂಟು. ನೀವು ಅದನ್ನು ನೋಡಿಲ್ಲ, ಅಷ್ಟೇ.”

ಪೇಟೆಯ ಒಬ್ಬ ವ್ಯಾಪಾರಿ ಚಹಾದ ಮಧ್ಯೆ ಆಡಿದ ಈ ಮಾತು ನನ್ನ ಪಠ್ಯಪುಸ್ತಕದ ಬಗ್ಗೆ ನಾನು ಕೇಳಿದ ಅತ್ಯುತ್ತಮ ಟೀಕೆ. ಆಫ್ರಿಕಾದ ಯಂತ್ರಗಳು ಒಡೆದ ಬೀಜದಲ್ಲಿ ತುಂಡುಗಳೇ ಹೆಚ್ಚು ಎಂದು ನಮ್ಮ ವಲಯದಲ್ಲಿ ಕೇಳಿದ್ದೆ. ಕಾರ್ಕಳದ ಕೈಗಳು ಇಡಿಯಾದ ತಿರುಳನ್ನು ತೆಗೆಯುತ್ತಿದ್ದವು, ಜಗತ್ತು ಬೆಲೆ ಕೊಡುತ್ತಿದ್ದುದು ಆ ಇಡಿತನಕ್ಕೆ. ದೇಶದ ಮೇಲುಗೈ ಇದ್ದುದು ಅಲ್ಲಿ. ಅದನ್ನು ಅಕುಶಲ ಎಂದು ಕರೆದು, ಅಗ್ಗ ಎಂದು ಹೊಗಳಿ, ಆ ಅಗ್ಗವನ್ನು ಇನ್ನಷ್ಟು ಅಗ್ಗ ಮಾಡಲು ಒಂದು ಕರಟ ಹರಳೆಣ್ಣೆಯನ್ನು ಕಿತ್ತುಕೊಂಡು, ನಾನೂರು ಡಬ್ಬಿಗಳನ್ನು ಹಾಳು ಮಾಡಿದ್ದೆವು. ಮಳೆ ಬಿಸಿಲುಗಳ ಹಾಗೆ ಅಗ್ಗದ ಶ್ರಮವನ್ನು ಪ್ರಕೃತಿ ಕೊಟ್ಟಿರುವುದಿಲ್ಲ. ಅದನ್ನು ಯಾರೋ ದಿನದಿನವೂ ಅಗ್ಗ ಮಾಡುತ್ತಿರುತ್ತಾರೆ.

ಹತ್ತು ಗೋಣಿಗಳ ಬೀಜವನ್ನು ಜರಡಿ ಹಿಡಿದು, ಮೂರು ಪಾಲು ಮಾಡಿ ಹುರಿದು, ಗಿರಿಜಕ್ಕನ ತಂಡ ಒಡೆಯಿತು. ಹರಳೆಣ್ಣೆಯ ಕರಟ ಮರಳಿ ಬಂತು. ಮನೆಗೆ ಕಳಿಸಿದ್ದ ನಲವತ್ತು ಮಂದಿಯಲ್ಲಿ ಮೂವತ್ತಾರು ಮಂದಿ ಪೀಲಿಂಗ್ ಸೆಕ್ಷನ್ನಿಗೆ ಹಿಂದಿರುಗಿದರು. ಇಬ್ಬರು ಮದುವೆಯಾಗಿ ಹೋಗಿದ್ದರು, ಇಬ್ಬರು ‘ನಿಮ್ಮ ಮಾತನ್ನು ನಂಬುವುದಿಲ್ಲ’ ಎಂದು ಬೀಡಿಯಲ್ಲೇ ಉಳಿದರು. ಹಾಗೆನ್ನಲು ಅವರಿಗೆ ಹಕ್ಕಿತ್ತು. ಹೊಸ ತಿರುಳನ್ನು ಓಡಿನಲ್ಲಿ ಹುರಿದಾಗ ಗೋಡಂಬಿಯ ಪರಿಮಳವಷ್ಟೇ ಬಂತು.

ಇಪ್ಪತ್ತನೆಯ ದಿನ ವರದಿ ಬರೆದೆ. ಹೊನ್ನೆ ಎಣ್ಣೆ ತಂದವರು ಯಾರೆಂದು ಬರೆದೆ. ಅದರ ಕೆಳಗೆ, ಅವರು ಕೇಳಿದಂತೆ, ಯಾಕೆ ತಂದರೆಂದೂ ಬರೆದೆ. ಹರಳೆಣ್ಣೆ ನಿಲ್ಲಿಸಿದ್ದು, ಸೂಚನೆಯಿಲ್ಲದೆ ನಲವತ್ತು ಮಂದಿಯನ್ನು ಕಳಿಸಿದ್ದು, ಎರಡು ವಿಭಾಗಗಳನ್ನು ಬೆರೆಸಿದ್ದು ಕಾರ್ಖಾನೆಯ ತಪ್ಪು. ಹುರಿದು ತಿನ್ನುವ ಸರಕನ್ನು ಹಸಿಯಾಗಿ ಮೂಸಿ ಪಾಸು ಮಾಡುವ ನಮ್ಮ ನಮೂನೆ ಕಚೇರಿಯ ತಪ್ಪು. ಶೆಡ್ಡಿನಲ್ಲಿ ಆ ವಾಸನೆ ಮೂಗಿಗೆ ಬಂದಿದ್ದರೂ ಕಾರಣ ವಿಚಾರಿಸದೆ ‘ಇಲ್ಲ’ ಎಂದು ಬರೆದ ತಪಾಸಣಾಧಿಕಾರಿಯ ತಪ್ಪನ್ನೂ ಹೆಸರು ಹೇಳಿ ಬರೆದೆ.

ಷರತ್ತಿನ ಅನುಮತಿ ಸಿಕ್ಕಿತು. ಗಿರಿಜಕ್ಕನ ಮೇಲೆ ಕ್ರಮ ಬೇಡವೆಂದು ಮೇಲಧಿಕಾರಿಗಳೇ ಟಿಪ್ಪಣಿ ಬರೆದರು. ನನಗೆ ಒಂದು ಎಚ್ಚರಿಕೆಯ ಮೆಮೊ ಬಂತು. ಅದು ಅನ್ಯಾಯವಾಗಿರಲಿಲ್ಲ. ಮುಂದಿನ ವರ್ಷದಿಂದ ನಮ್ಮ ಕಚೇರಿಯಲ್ಲಿ ಪ್ರತಿ ಲಾಟಿನ ಒಂದು ಹಿಡಿಯನ್ನು ಹುರಿದು ನೋಡುವ ಪದ್ಧತಿ ಶುರುವಾಯಿತು. ನಾಯಕರು ಊರಿನ ಬೀಜವನ್ನು ಪ್ರತಿ ಬೇಸಗೆಯಲ್ಲೂ ಕಾಪುವಿನಿಂದ ತರಿಸತೊಡಗಿದರು. ಆಫ್ರಿಕಾದ ಬೀಜದ ಕೊರತೆಯನ್ನು ಅದು ಪೂರ್ತಿ ತುಂಬಲಿಲ್ಲ, ವರ್ಷದಲ್ಲಿ ಕೆಲವು ವಾರ ಕಾರ್ಖಾನೆ ಮಲಗುತ್ತಲೇ ಇತ್ತು. ಆದರೆ ಮಲಗುವ ಮೊದಲು ಲಿಖಿತ ಸೂಚನೆ ಹಚ್ಚುವುದು ರೂಢಿಯಾಯಿತು. 1982ರಲ್ಲಿ ಕಾಪುವಿನ ಬಳಿ ಹೊಸ ಕಾರ್ಖಾನೆಯೊಂದು ತೆರೆದಾಗ ಹೆಂಗಸರಿಗೆ ಕೆಲಸ ಕಲಿಸಲು ನಾಯಕರು ಗಿರಿಜಕ್ಕನನ್ನು ಕಳಿಸಿದರು. ಹೋಗುವ ಮೊದಲು ಹಾಜರಿ ಪುಸ್ತಕದ ಅವರ ಸಾಲನ್ನು ತಿದ್ದಬೇಕೆಂದು ಗಿರಿಜಕ್ಕ ಪಟ್ಟು ಹಿಡಿದರು. ‘ಕುಶಲ ಕಾರ್ಮಿಕೆ, ತರಬೇತುದಾರೆ’ ಎಂದು ಗುಮಾಸ್ತ ಬರೆದುಕೊಟ್ಟ.

ಮಣಿಪಾಲದ ಕೂಟದಲ್ಲಿ ನಾನು ಆಮೇಲೂ ವ್ಯಾಪಾರ ಸಿದ್ಧಾಂತಗಳ ಬಗ್ಗೆ ಮಾತಾಡಿದೆ. ತುಲನಾತ್ಮಕ ವೆಚ್ಚದ ವಾದ ಸುಳ್ಳೆಂದು ನಾನು ಹೇಳುವುದಿಲ್ಲ. ದೇಶಗಳು ಕೊಟ್ಟು ತೆಗೆದುಕೊಂಡೇ ಬದುಕಬೇಕು. ಆದರೆ ಅದು ವೆಚ್ಚ ಎಂದು ಬರೆಯುವಲ್ಲಿ ಯಾರ ಚರ್ಮ ಉಂಟು ಎಂದು ಕೇಳದವರು ಆ ಲೆಕ್ಕವನ್ನು ಪೂರ್ತಿ ಮಾಡಿದವರಲ್ಲ. ಹೊಸದಾಗಿ ಸೇರಿದ ತಪಾಸಣಾಧಿಕಾರಿಗಳಿಗೆ ನಾನು ಇಷ್ಟನ್ನೇ ಕಲಿಸಿದೆ: ಮೊದಲು ಕೈ ತೊಳೆಯುವ ಜಾಗಕ್ಕೆ ಹೋಗಿ, ಯಾವ ಎಣ್ಣೆ ಹಚ್ಚುತ್ತೀರಿ, ಯಾರು ಕೊಟ್ಟದ್ದು ಎಂದು ಕೇಳಿ. ಡಬ್ಬಿ ತೆರೆಯುವುದು ಆಮೇಲೆ.

1986ರಲ್ಲಿ ನನಗೆ ವರ್ಗವಾಯಿತು. ಕಾರ್ಕಳಕ್ಕೆ ಕೊನೆಯ ಬಾರಿ ಹೋದ ದಿನ ಗಿರಿಜಕ್ಕ ಅಂಗಳದಲ್ಲಿ ಎದುರಾದರು. ಎರಡು ಅಂಗೈಗಳನ್ನೂ ಬಿಡಿಸಿ ನನ್ನ ಮುಖದ ಮುಂದೆ ಹಿಡಿದರು.

“ತಪಾಸಣೆ ಮಾಡಿ ಮೇಡಂ. ಹೋಗುವ ಮೊದಲು ಇದಕ್ಕೂ ಒಂದು ಸರ್ಟಿಫಿಕೇಟ್ ಬೇಕಲ್ವಾ?”

ಸುತ್ತ ನಿಂತ ಹೆಂಗಸರು ನಕ್ಕರು. ಬೆರಳುಗಳ ಕಪ್ಪು ಹಾಗೆಯೇ ಇತ್ತು, ಅದು ಹೋಗುವಂಥದಲ್ಲ. ಆದರೆ ಹಸಿ ಹುಣ್ಣು ಒಂದೂ ಇರಲಿಲ್ಲ. ನಾನು ಬಗ್ಗಿ, ಓಡಿನ ಮುಂದೆ ನಾಯಕರು ಬಗ್ಗಿದ ಹಾಗೆ ಬಹಳ ಹೊತ್ತು ಮೂಸಿ ನೋಡಿದೆ.

“ಅನ್ಯವಾಸನೆ ಇಲ್ಲ,” ಎಂದೆ.

ಈ ಬಾರಿ ನೋಡಿ ಹೇಳಿದ್ದೆ.